ಎಪ್ಪತ್ತೆರಡು ಇಂಚಿನ ಬಿಲ್ಲು: ಒಂದು ಸಾಮೂಹಿಕ ಕೆಲಸದ ಪ್ರಕರಣ ಅಧ್ಯಯನ

ಹಾಸಿಗೆ ಹಿಡಿದವರ ಸಲಕರಣೆಗೆ ಹಣ ಕೂಡಿಸಲು ನಮ್ಮ ಬಳಗ ಮರದ ಬಿಲ್ಲೊಂದನ್ನು ಮಾಡಿ ಏಲಂ ಹಾಕಿದ ಕಥೆ ಇದು. ಈ ಬರಹದಲ್ಲಿ ಊರಿನ ಹೆಸರಿಲ್ಲ, ಜನರ ಹೆಸರೂ ಇಲ್ಲ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಕರ್ನಾಟಕದ ಗಡಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಹಳ್ಳಿ ಎಂದರೆ ಸಾಕು. ಕೆಲವು ಗುರುತುಗಳನ್ನು ಬೇಕೆಂದೇ ಬದಲಾಯಿಸಿದ್ದೇನೆ. ಲೆಕ್ಕಪುಸ್ತಕ ಮತ್ತು ದಿನಚರಿ ಬರೆಯುವ ಹೊಣೆ ನನ್ನದಾಗಿತ್ತು. ಅದರಲ್ಲಿ ಇರುವುದನ್ನೂ, ಇರಬೇಕಾಗಿದ್ದು ಇಲ್ಲದೆ ಹೋದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಧರ್ಮಕಾರ್ಯಕ್ಕೆಂದು ಹತ್ತಾರು ಮಂದಿಯನ್ನು ಒಂದೇ ಕೆಲಸಕ್ಕೆ ಸೇರಿಸಲು ಹೊರಟ ಬೇರೆ ಊರಿನವರಿಗೆ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ನಮ್ಮದು ಗ್ರಂಥಾಲಯಕ್ಕೆ ಹೊಂದಿಕೊಂಡ ಓದುಗರ ಬಳಗ. ಒಟ್ಟು 23 ಮಂದಿ. ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಮರಾಠಿ, ಬ್ಯಾರಿ ಮಾತಾಡುವವರು, ಸೇರಿದಾಗ ಕನ್ನಡ. ಕೇರಳ ಸರಕಾರ 2008ರಲ್ಲಿ ಉಪಶಾಮಕ ಆರೈಕೆಗೆ (ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ) ಒಂದು ನೀತಿಯನ್ನೇ ರೂಪಿಸಿತು. ಅಂದಿನಿಂದ ಹಾಸಿಗೆ ಹಿಡಿದವರ ಮನೆಗೆ ನರ್ಸ್ ಬಂದು ನೋಡಿ ಹೋಗುವ ಪದ್ಧತಿ ಇಲ್ಲಿ ಊರೂರಿಗೂ ಪರಿಚಿತ. ನರ್ಸ್ ಬರುತ್ತಾರೆ, ಗಾಯ ತೊಳೆದು ಮದ್ದು ಕಟ್ಟುತ್ತಾರೆ, ಮಾತಾಡಿಸುತ್ತಾರೆ. ಕೊರತೆ ಇರುವುದು ಸಲಕರಣೆಯದು. ನಮ್ಮ ಬಳಗದ ಒಬ್ಬರ ತಾಯಿಗೆ ಆಮ್ಲಜನಕ ಯಂತ್ರ ಸಿಗಲು 11 ದಿನ ಕಾಯಬೇಕಾಯಿತು. ಇದ್ದ ಒಂದೇ ಯಂತ್ರ ಇನ್ನೊಂದು ಮನೆಯಲ್ಲಿತ್ತು, ಅದು ಅಲ್ಲಿಂದ ಯಾವಾಗ ಬಿಡುವಾಗುತ್ತದೆ ಎಂದು ಕೇಳುವುದಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಹಣ ಸಂಗ್ರಹಿಸಬೇಕು ಎಂಬ ಮಾತು ಹುಟ್ಟಿದ್ದು ಆ ಹನ್ನೊಂದು ದಿನಗಳಲ್ಲಿ.

ಬಿಲ್ಲಿನ ಯೋಚನೆ ತಂದವನು ಇಂಗ್ಲೆಂಡಿನಲ್ಲಿ ಓದಿ ಬಂದ ಒಬ್ಬ ಯುವಕ. ಅಲ್ಲಿನ ಪೋರ್ಟ್ಸ್‌ಮೌತ್‌ನಲ್ಲಿ ‘ಮೇರಿ ರೋಸ್’ ಎಂಬ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. 1545ರಲ್ಲಿ ಮುಳುಗಿದ ಆ ಹಡಗನ್ನು 1982ರಲ್ಲಿ ಮೇಲಕ್ಕೆತ್ತಿದರು. ಹಡಗಿನಿಂದ ನೂರ ಮೂವತ್ತಕ್ಕೂ ಹೆಚ್ಚು ಉದ್ದಬಿಲ್ಲುಗಳು ಸಿಕ್ಕವು. ಆಳುದ್ದವನ್ನೂ ಮೀರಿದ, ಯೂ ಎಂಬ ಮರದ ಒಂದೇ ತುಂಡಿನಿಂದ ಕೆತ್ತಿದ ಬಿಲ್ಲುಗಳು ಅವು. ಅಂಟಿಲ್ಲ, ಜೋಡಣೆ ಇಲ್ಲ. ಕೆಚ್ಚು ಒಳಮೈಗೆ, ಅದರ ಹೊರಗಿನ ಬಿಳಿ ಮರ ಹೊರಮೈಗೆ ಬರುವಂತೆ ಕೆತ್ತಿದ್ದರಿಂದ ಒತ್ತಡವನ್ನು ಒಂದು, ಸೆಳೆತವನ್ನು ಇನ್ನೊಂದು ತಾಳಿಕೊಳ್ಳುತ್ತಿತ್ತು. ಇದನ್ನು ಅವನು ವಿವರಿಸುವಾಗ ಕೋಣೆಯಲ್ಲಿ ಸದ್ದಿರಲಿಲ್ಲ. ಯಕ್ಷಗಾನದ ವೇಷಕ್ಕೆ ಹಗುರ ಬಿಲ್ಲು ಹಿಡಿದವರು ನಮ್ಮಲ್ಲೇ ಇದ್ದರು, ಹೆದೆಯೇರಿಸಿದರೆ ಹೂಂಕರಿಸುವ ನಿಜವಾದ ಬಿಲ್ಲನ್ನು ಮುಟ್ಟಿದವರು ಯಾರೂ ಇರಲಿಲ್ಲ.

ಮೊದಲು ಕೂಪನ್ ಮಾರಿ ಚೀಟಿ ಎತ್ತೋಣ ಎಂಬ ಸಲಹೆ ಬಂತು. ಪರಿಚಯದ ವಕೀಲರೊಬ್ಬರು, ಅನುಮತಿಯಿಲ್ಲದ ಲಾಟರಿ ಅಪರಾಧ, ಒಳ್ಳೆಯ ಉದ್ದೇಶ ಅದಕ್ಕೆ ರಕ್ಷೆಯಾಗುವುದಿಲ್ಲ ಎಂದರು. ಅದನ್ನು ಅಲ್ಲಿಗೇ ಕೈಬಿಟ್ಟೆವು. ಬದಲಿಗೆ ಬಳಗದ ಟೀಚರ್ ಒಬ್ಬರು ಹೇಳಿದ ದಾರಿ ಎಲ್ಲರಿಗೂ ಹಿಡಿಸಿತು: ಬಿಲ್ಲಿನ ಉದ್ದ 72 ಇಂಚು, ಒಂದೊಂದು ಇಂಚಿಗೆ ಒಬ್ಬ ದಾನಿ, ಇಂಚಿಗೆ ಸಾವಿರ ರೂಪಾಯಿ. ಸಿದ್ಧವಾದ ಬಿಲ್ಲನ್ನು ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ಬಹಿರಂಗ ಏಲಂ ಹಾಕುವುದು. ದಿನ ಜನವರಿ 26. ಕರಪತ್ರದಲ್ಲಿ ಎರಡು ಭರವಸೆಗಳನ್ನು ಅಚ್ಚು ಹಾಕಿಸಿದೆವು: ‘ಎಲ್ಲರ ಕೈಯಿಂದ ಆದ ಬಿಲ್ಲು’, ‘50 ಪೌಂಡಿನ ಬಿಗಿ’ (ಹೆದೆಯನ್ನು ಪೂರ್ತಿ ಎಳೆದು ಹಿಡಿಯಲು ಬೇಕಾದ ಬಲ). ಮುಂದೆ ನಮ್ಮನ್ನು ಕಾಡಿದ್ದು ಈ ಎರಡು ಸಾಲುಗಳೇ.

ಮೊದಲ ಬಿಲ್ಲು

ಮರದ ಆಯ್ಕೆಯಲ್ಲಿ ಅದೃಷ್ಟ ನಮ್ಮ ಕಡೆಗಿತ್ತು. ಒಬ್ಬರ ತೋಟದ ಬದಿಯಲ್ಲಿ ಗಾಳಿಗೆ ಬುಡಮೇಲಾದ ತಡಸಲು ಮರ ಬಿದ್ದಿತ್ತು. ಮಲಯಾಳದಲ್ಲಿ ಇದು ಚಡಚ್ಚಿ. ಕೊಡಲಿ, ಗುದ್ದಲಿಗಳ ಕಾವಿಗೆ ಹಿರಿಯರು ಹುಡುಕುತ್ತಿದ್ದ ಮರ ಇದು, ಏಟು ತಿಂದರೂ ಬಳುಕಿ ನಿಲ್ಲುತ್ತದೆ. ಆಯುರ್ವೇದದ ನಿಘಂಟಿನಲ್ಲಿ ಇದಕ್ಕೆ ‘ಧನುರ್ವೃಕ್ಷ’ ಎಂಬ ಹೆಸರೇ ಇದೆ.

ಬಿದ್ದ ಮರವನ್ನು ಮಿಲ್ಲಿಗೆ ಸಾಗಿಸಿ ಹಲಗೆಯಂತೆ ಸೀಳಿಸುವುದೆಂದು ನಿಶ್ಚಯವಾಯಿತು. ಆ ಸಂಜೆ ನಮ್ಮೊಡನೆ ಇದ್ದ ಹಿರಿಯ ಬಡಗಿ, ನಾವೆಲ್ಲ ಆಚಾರ್ಯರು ಎಂದೇ ಕರೆಯುವ ಎಪ್ಪತ್ತು ದಾಟಿದವರು, ಒಂದು ಮಾತು ಹೇಳಿದ್ದರು: “ಗರಗಸ ಮರದ ಎಳೆಯನ್ನು ಕೇಳುವುದಿಲ್ಲ. ಬೆಣೆ ಹೊಡೆದು ಸೀಳಿದರೆ ಮರವೇ ದಾರಿ ತೋರಿಸುತ್ತದೆ.” ಈ ಮಾತು ನನ್ನ ದಿನಚರಿಯಲ್ಲಿಲ್ಲ. ಅಂದಿನ ಪುಟದಲ್ಲಿ ಮಿಲ್ಲಿನ ದರ ಇದೆ, ಸಾಗಾಟದ ಬಾಡಿಗೆ ಇದೆ, ಯುವಕ ತೋರಿಸಿದ ವೀಡಿಯೊದ ಅಳತೆಗಳಿವೆ. ಇಡೀ ಸಭೆಯಲ್ಲಿ ಮರದ ಕೆಲಸ ಬಲ್ಲ ಒಬ್ಬರೇ ಒಬ್ಬರ ಮಾತನ್ನು ನಾನು ಬರೆದುಕೊಳ್ಳಲಿಲ್ಲ. ಈ ಪ್ರಕರಣದ ಮೊದಲ ತಿರುವು ಯಾವುದು ಎಂದು ಕೇಳಿದರೆ ನಾನು ಆ ಪುಟವನ್ನೇ ತೋರಿಸುತ್ತೇನೆ.

ಬಿಲ್ಲಿನ ಹೊರಮೈಯನ್ನು ಬೆನ್ನು ಎನ್ನೋಣ, ಬಿಲ್ಲಾಳಿನ ಕಡೆಗಿರುವ ಒಳಮೈಯನ್ನು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಬೆನ್ನಿನ ಮೇಲಿನ ಎಳೆಗಳು ಒಂದು ಕೊಪ್ಪಿನಿಂದ (ಹೆದೆ ಸಿಕ್ಕಿಸುವ ತುದಿಯಿಂದ) ಇನ್ನೊಂದು ಕೊಪ್ಪಿನವರೆಗೆ ತುಂಡಾಗದೆ ಹರಿಯಬೇಕು. ಮಿಲ್ಲಿನ ಗರಗಸ ನೇರವಾಗಿ ಹೋಗಿತ್ತು, ಮರದ ಎಳೆ ಓರೆಯಾಗಿ ಹೋಗಿತ್ತು. ಬಿಲ್ಲಿನ ಕೆಳಗಿನ ತೋಳಿನಲ್ಲಿ, ಅಂದರೆ ಹಿಡಿಯಿಂದ ಕೆಳಗಿನ ಅರ್ಧದಲ್ಲಿ, ಆ ಎಳೆಗಳು ಬೆನ್ನಿನ ಮೇಲೆ ಓರೆಯಾಗಿ ಮುಗಿದಿದ್ದವು. ನಯಗೊಳಿಸಿದ ಮೇಲೆ ಅದೇ ಜಾಗ ದೋಣಿಯಾಕಾರದ ಚೆಲುವಾದ ಚಿತ್ತಾರವಾಗಿ ಕಂಡಿತು, ನಾವು ಅದರ ಫೋಟೊ ತೆಗೆದು ದಾನಿಗಳಿಗೆ ಕಳಿಸಿದ್ದೂ ಆಯಿತು.

ಅಕ್ಟೋಬರಿನ ಎರಡನೆಯ ಭಾನುವಾರ, ಗ್ರಂಥಾಲಯದ ಹಿಂದಿನ ಅಂಗಳದಲ್ಲಿ ಹದಿನೆಂಟು ಮಂದಿ ನೋಡುತ್ತಿದ್ದಂತೆ, 22 ಇಂಚು ಎಳೆದಾಗ ಅದು ಮುರಿಯಿತು. ಕೊಂಬೆ ಮುರಿದಂತೆ ಅಲ್ಲ, ಗರ್ನಾಲು ಸಿಡಿದಂತೆ. ಒಂದು ಮೊಳದ ತುಂಡು ಹಾರಿ ಗೋಡೆಗೆ ಬಡಿದು ಬಿತ್ತು. ಎಳೆಯುತ್ತಿದ್ದವನ ತಲೆಗೂ ಅದಕ್ಕೂ ಎರಡು ಗೇಣಿನ ಅಂತರವಿತ್ತು. ಆ ದಿನದಿಂದ ಕೈಯಿಂದ ಎಳೆದು ಪರೀಕ್ಷಿಸುವುದನ್ನು ನಿಲ್ಲಿಸಿದೆವು. ಬಾವಿಯ ಹಳೆಯ ರಾಟೆಯನ್ನು ಕಂಬದ ಬುಡಕ್ಕೆ ಬಿಗಿದು, ಬಿಲ್ಲನ್ನು ಕಂಬದ ತಲೆಯಲ್ಲಿ ಕೂರಿಸಿ, ಹೆದೆಗೆ ಕಟ್ಟಿದ ಹಗ್ಗವನ್ನು ಹತ್ತಡಿ ದೂರದಿಂದ ಎಳೆಯುವ ವ್ಯವಸ್ಥೆ ಬಂತು. ಅಡಿಕೆ ತೂಗುವ ಕೊಕ್ಕೆಯ ತಕ್ಕಡಿಯನ್ನು ನಡುವೆ ಸೇರಿಸಿದ್ದರಿಂದ ಬಿಗಿಯ ಲೆಕ್ಕವೂ ಸಿಕ್ಕಿತು. ಇದು ಮೊದಲ ದಿನವೇ ಇರಬೇಕಾಗಿತ್ತು.

ಎಲ್ಲರೂ ಸುಮ್ಮನೆ ನಿಂತಿದ್ದಾಗ ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹಿರಿಯರೊಬ್ಬರು ಮಾತು ತೆಗೆದರು: “ಜನಕನ ಸಭೆಯಲ್ಲಿಯೂ ಬಿಲ್ಲು ಮುರಿದಿತ್ತು. ಅಲ್ಲಿ ಮುರಿದವನಿಗೆ ಸೀತೆ ದೊರೆತಳು. ನಮಗೆ ಕೆಲಸ ದೊರೆತಿದೆ, ಏಳಿ.”

ದಾನಿಗಳ ಹಣ

ಅಷ್ಟರಲ್ಲಿ 61 ಇಂಚು ಮಾರಾಟವಾಗಿತ್ತು. ಕೈಯಲ್ಲಿ 61,000 ರೂಪಾಯಿ ಇದೆ, ಬಿಲ್ಲು ಎರಡು ತುಂಡಾಗಿದೆ. ಆ ರಾತ್ರಿಯ ಸಭೆ ಒಂಬತ್ತರಿಂದ ಹನ್ನೊಂದೂವರೆಯವರೆಗೆ ನಡೆಯಿತು. ಒಂದು ಅಭಿಪ್ರಾಯ: ದಾನಿಗಳು ಕೊಟ್ಟದ್ದು ರೋಗಿಗಳಿಗಾಗಿ, ಮರಕ್ಕಾಗಿ ಅಲ್ಲ. ಹೊಸದನ್ನು ಮಾಡಿದರಾಯಿತು, ಹೇಳುವ ಅಗತ್ಯವಿಲ್ಲ. ಇದು ಕೆಟ್ಟ ಮನಸ್ಸಿನ ಮಾತಾಗಿರಲಿಲ್ಲ, ಹೇಳಿದವರೇ ಬಳಗದಲ್ಲಿ ಅತಿ ಹೆಚ್ಚು ಓಡಾಡಿದವರು. ಇನ್ನೊಂದು ಅಭಿಪ್ರಾಯವನ್ನು ಟೀಚರ್ ಹೇಳಿದರು: “ಅವರು ನಮ್ಮ ಕೈಗೆ ಕೊಟ್ಟದ್ದು ಒಂದು ಇಂಚು ಬಿಲ್ಲಿನ ಹಣ. ಆ ಇಂಚು ಮುರಿದಿದೆ ಎಂದು ತಿಳಿಯುವ ಹಕ್ಕು ಅವರಿಗಿದೆ. ಬೇಕಾದರೆ ಹಿಂದೆ ಕೊಡೋಣ.”

ಎರಡನೆಯದೇ ನಿರ್ಣಯವಾಯಿತು. ಫೋನಿನಲ್ಲಿ ಒಟ್ಟು ಸಂದೇಶ ಕಳಿಸದೆ, ಮೂರು ಜೋಡಿಗಳಾಗಿ ಮನೆಮನೆಗೆ ಹೋಗಿ ಹೇಳಿದೆವು. ನಾಲ್ವರು ಹಣ ಹಿಂದೆ ಪಡೆದರು, ಅದೇ ಗಳಿಗೆಯಲ್ಲಿ ಎಣಿಸಿ ಕೊಟ್ಟೆವು. ಉಳಿದ 57 ಇಂಚು ಉಳಿದುಕೊಂಡಿತು. ಒಬ್ಬ ಅಡಿಕೆ ಕೃಷಿಕರು ಮುರಿದ ತುಂಡನ್ನು ತೋರಿಸಲು ಹೇಳಿ, ಮುರಿದ ಬಾಯಿಯ ಮೇಲೆ ಬೆರಳಾಡಿಸಿ, “ಎಳೆ ಕಡಿದಿದೆ, ಸೀಳಿ ತೆಗೆಯಬೇಕಿತ್ತು” ಎಂದರು. ಆಚಾರ್ಯರು ಹೇಳಿದ್ದ ಮಾತೇ. ಮರುದಿನ ಉಳಿದ ದಿಮ್ಮಿಯನ್ನು ಸೀಳಲು ಬೆಣೆ ತೆಗೆದುಕೊಂಡು ಬಂದವರೂ ಅವರೇ. ಮನೆಗೆ ಹೋಗಿ ಹೇಳದೆ ಇದ್ದಿದ್ದರೆ ಈ ಸಹಾಯ ನಮಗೆ ಸಿಗುತ್ತಿರಲಿಲ್ಲ.

ದಿಮ್ಮಿಯಿಂದ ನಾಲ್ಕು ಸೀಳು ಬಂದವು. ನಮ್ಮ ಕಡೆಯ ಮರಗಳಲ್ಲಿ ವರ್ಷದ ಉಂಗುರ ಎಷ್ಟೋ ಸಲ ಸ್ಪಷ್ಟವಾಗಿ ಕಾಣುವುದಿಲ್ಲ. ಉಂಗುರ ಹುಡುಕುವ ಬದಲು ತೊಗಟೆಯನ್ನು ಮೆಲ್ಲನೆ ಎಬ್ಬಿಸಿ, ಅದರ ಅಡಿಯ ಮೈಯನ್ನೇ ಬೆನ್ನಾಗಿ ಉಳಿಸಿಕೊಂಡೆವು. ಅದಕ್ಕೆ ಮತ್ತೆ ಉಳಿ ತಾಗಿಸಲಿಲ್ಲ. ತುದಿಗಳು ಬಿರಿಯದಂತೆ ಬಣ್ಣ ಬಳಿದು ಒಬ್ಬರ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆವು. ವಾರಕ್ಕೊಮ್ಮೆ ಇಳಿಸಿ ತೂಗುವುದು, ತೂಕ ಇಳಿಯುವುದು ನಿಂತರೆ ಮರ ಒಣಗಿತು ಎಂದು ಅರ್ಥ.

ಎರಡನೆಯ ಬಿಲ್ಲು

ತೂಕ ಇಳಿಯುವುದು ನಿಂತಿರಲಿಲ್ಲ. ಡಿಸೆಂಬರಿನ ಮೊದಲ ವಾರದಲ್ಲಿಯೂ ಸೀಳೊಂದು ವಾರಕ್ಕೆ 40 ಗ್ರಾಂನಂತೆ ಕಳೆದುಕೊಳ್ಳುತ್ತಿತ್ತು. ಜನವರಿ 26ರ ಕರಪತ್ರ ಮಾತ್ರ ಗೋಡೆಯ ಮೇಲಿತ್ತು. ಕೆಲಸ ಶುರು ಮಾಡಿದೆವು. ಅಂಕಿ ಪುಸ್ತಕದಲ್ಲಿತ್ತು, ಬರೆದವಳು ನಾನೇ. ಆದರೂ ‘ನಿಲ್ಲಿಸಿ’ ಎನ್ನುವ ಅಧಿಕಾರ ಯಾರದು ಎಂದು ನಾವು ಗೊತ್ತುಮಾಡಿಕೊಂಡಿರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ‘ಎಲ್ಲರ ಕೈಯಿಂದ’ ಎಂಬ ಭರವಸೆ. ಭಾನುವಾರ ಬಂದವರೆಲ್ಲ ಒಬ್ಬೊಬ್ಬರು ಇಪ್ಪತ್ತು ಸಲ ಅರ ಉಜ್ಜಬೇಕು ಎಂಬ ಪದ್ಧತಿ ಮಾಡಿದ್ದೆವು. ಹದಿನಾಲ್ಕು ಮಂದಿ ಬಂದರೆ 280 ಉಜ್ಜು. ಸಂತೋಷದ ದಿನಗಳು ಅವು, ಮಕ್ಕಳೂ ಸಾಲಿನಲ್ಲಿ ನಿಲ್ಲುತ್ತಿದ್ದರು. ಡಿಸೆಂಬರ್ ಕೊನೆಗೆ ರಾಟೆಯಲ್ಲಿ ಎಳೆದು ನೋಡಿದಾಗ ಮೇಲಿನ ತೋಳು ಕಮಾನಿನಂತೆ ಬಾಗಿತು. ಕೆಳಗಿನ ತೋಳು ಮಾತ್ರ ಒಂದೇ ಜಾಗದಲ್ಲಿ ಮೊಣಕೈಯಂತೆ ಮಡಚಿತು. ಹೆದೆ ಇಳಿಸಿದ ಮೇಲೂ ಬಿಲ್ಲು ಮೂರು ಇಂಚು ಬಾಗಿಯೇ ಉಳಿಯಿತು. ಹಸಿ ಉಳಿದ ಮರದ ಹೊಟ್ಟೆ ಕುಗ್ಗಿದ್ದು ಮತ್ತೆ ಹಿಗ್ಗಲಿಲ್ಲ.

ಮೊಣಕೈ ಯಾಕೆ ಆಯಿತು ಎಂದು ಬಹಳ ಯೋಚಿಸಿದೆವು. ಯಾರೋ ಮಗು ಹೆಚ್ಚು ಉಜ್ಜಿರಬೇಕು ಎಂಬ ಮಾತು ಎದ್ದಾಗ ಆಚಾರ್ಯರು ಬಿಲ್ಲನ್ನು ಎತ್ತಿ, ಕೆಲಸ ಮಾಡುತ್ತಿದ್ದ ಮೇಜಿನ ಮೇಲೆ ಮೊದಲಿನಂತೆಯೇ ಇಟ್ಟರು. ಮಡಚಿದ ಜಾಗ ಸರಿಯಾಗಿ ಕಿಟಕಿಯ ಎದುರಿಗೆ ಬಂತು. ಬೆಳಕು ಅಲ್ಲಿ ಚೆನ್ನಾಗಿತ್ತು, ನಿಲ್ಲಲು ಜಾಗವೂ ಅಲ್ಲೇ ಇತ್ತು. ಹದಿನಾಲ್ಕು ಮಂದಿಯೂ ಅವರವರ ಪಾಲಿನ ಇಪ್ಪತ್ತನ್ನು ಅಲ್ಲೇ ಉಜ್ಜಿದ್ದರು. ಯಾರೂ ತಪ್ಪು ಮಾಡಿರಲಿಲ್ಲ. ಒಬ್ಬೊಬ್ಬರ ಕೆಲಸವನ್ನು ಬಿಡಿಯಾಗಿ ನೋಡಿದರೆ ಎಲ್ಲವೂ ಸರಿಯೇ ಇತ್ತು.

ಇದರ ಹಿಂದಿನ ಲೆಕ್ಕವನ್ನು ಬಿಲ್ಲು ಮಾಡುವವರು ಮಾತ್ರವಲ್ಲ, ಮರ ಬಾಗಿಸುವ ಯಾರೂ ತಿಳಿದಿರಬೇಕು. ಅಗಲವನ್ನು ಅರ್ಧ ಮಾಡಿದರೆ ಬಿಗಿಯೂ ಅರ್ಧವಾಗುತ್ತದೆ. ದಪ್ಪವನ್ನು ಅರ್ಧ ಮಾಡಿದರೆ ಬಿಗಿ ಎಂಟರಲ್ಲೊಂದಕ್ಕೆ ಇಳಿಯುತ್ತದೆ. ದಪ್ಪದಲ್ಲಿ ಹತ್ತರಲ್ಲೊಂದು ಪಾಲು ಹೋದರೆ ಸಾಕು, ಬಿಗಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ. ಕಣ್ಣಿಗೆ ಕಾಣದಷ್ಟು ಹುಡಿ ಉದುರಿದರೂ ರಾಟೆ ಅದನ್ನು ಹೇಳಿಬಿಡುತ್ತದೆ. ತೆಗೆದ ಮರವನ್ನು ಮತ್ತೆ ಇಡುವ ದಾರಿ ಇಲ್ಲ.

ದಿನ ಮುಂದೂಡಿದ್ದು

ಜನವರಿ 3ರ ಸಭೆಯಲ್ಲಿ ಮೂರು ನಿರ್ಣಯಗಳಾದವು. ನನ್ನ ದೃಷ್ಟಿಯಲ್ಲಿ ಬಿಲ್ಲು ಆದದ್ದು ಅಂದೇ, ಮರದ ಕೆಲಸ ಆಮೇಲಿನದು. ವಾರ್ಷಿಕೋತ್ಸವ ಜನವರಿ 26ಕ್ಕೇ ನಡೆಯಲಿ, ಬಿಲ್ಲಿನ ಏಲಂ ಏಪ್ರಿಲ್ ಕೊನೆಗೆ ಹೋಗಲಿ. ಅದಕ್ಕಿಂತ ತಡವಾದರೆ ಮಳೆ, ಜೂನ್ ಹಿಡಿದರೆ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ. ಅಟ್ಟದ ಸೀಳು ಸತತ ಮೂರು ವಾರ ಒಂದೇ ತೂಕ ತೋರಿಸುವವರೆಗೆ ಯಾರೂ ಉಳಿ ಎತ್ತುವಂತಿಲ್ಲ.

ಮೂರನೆಯದು ಎಲ್ಲರಿಗೂ ಕಷ್ಟವಾದದ್ದು: ಮರ ತೆಗೆಯುವ ಕೈ ಒಂದೇ. ಯಾರದು? ಯುವಕನದ್ದೇ ಆಗಬೇಕು ಎಂದು ಹಲವರು ಅಂದುಕೊಂಡಿದ್ದರು. ಆಚಾರ್ಯರು ತಮ್ಮ ಕೈ ಈಗ ನಡುಗುತ್ತದೆ ಎಂದು ಹೇಳಿ, ಬಳಗದ ಹತ್ತೊಂಬತ್ತರ ಹುಡುಗಿಯೊಬ್ಬಳನ್ನು ತೋರಿಸಿದರು. “ಇವಳು ಉಜ್ಜುವಾಗ ಪ್ರತಿ ಸಲ ನಿಲ್ಲಿಸಿ ನೋಡುತ್ತಾಳೆ. ಬೇರೆ ಯಾರೂ ನೋಡುವುದಿಲ್ಲ.” ಯುವಕನ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಅವನೇ ಎದ್ದು ಅರವನ್ನು ಅವಳ ಕೈಗೆ ಕೊಟ್ಟ. ತನ್ನ ಯೋಚನೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಸುಲಭವಲ್ಲ. ಅವನ ಬಗ್ಗೆ ನನಗೆ ಇರುವ ಗೌರವ ಆ ಸಂಜೆಯದು.

ಹಾಗಾದರೆ ಉಳಿದ ಇಪ್ಪತ್ತೆರಡು ಮಂದಿ? ನೋಡಿಕೊಂಡು ನಿಲ್ಲಲು ಯಾರನ್ನೂ ಕರೆದಿರಲಿಲ್ಲ. ಯುವಕ ಗೋಡೆಯ ಮೇಲೆ ಇಂಚಿನ ಚೌಕಗಳನ್ನು ಬರೆದು, ಪ್ರತಿ ಎಳೆತದ ಫೋಟೊ ತೆಗೆದು, ಎರಡು ತೋಳುಗಳ ಬಾಗು ಹೋಲಿಸುವ ಹೊಣೆ ಹೊತ್ತ. ಕಡಲ ಬದಿಯಿಂದ ಬಲೆ ಹೆಣೆಯುವ ಒಬ್ಬರು ಬಂದು ಹೆದೆ ಹೊಸೆದರು. ಬಲೆಯ ನೈಲಾನ್ ದಾರ ಎಳೆದಷ್ಟೂ ಹಿಗ್ಗಿತು, ಪಾಲಿಯೆಸ್ಟರ್ ದಾರದ ಹದಿನಾಲ್ಕು ಎಳೆ ಸೇರಿಸಿ ಹೊಸೆದಾಗ ನಿಂತಿತು. ಒಂದು ಮನೆಯವರು ಕೊಪ್ಪಿಗೆಂದು ಅಜ್ಜನ ಕಾಲದ ಜಿಂಕೆಯ ಕೊಂಬು ತಂದುಕೊಟ್ಟರು. 1972ರ ವನ್ಯಜೀವಿ ಕಾನೂನಿನ ವಿಷಯ ತಿಳಿಸಿ ಕೈಮುಗಿದು ಹಿಂದೆ ಕಳಿಸಿದೆವು, ಸತ್ತ ಎಮ್ಮೆಯ ಕೊಂಬಿನಿಂದ ಕೊಪ್ಪು ಆಯಿತು. ಹುಳ ಹಿಡಿಯದಂತೆ ಗೇರು ಸಿಪ್ಪೆಯ ಎಣ್ಣೆ ಹಚ್ಚೋಣ ಎಂದವರಿಗೆ, ಅದು ಚರ್ಮ ಸುಡುತ್ತದೆ, ಇದು ಕೈಯಲ್ಲಿ ಹಿಡಿಯುವ ವಸ್ತು ಎಂದು ಗೇರುಬೀಜ ಕಾರ್ಖಾನೆಯಲ್ಲಿ ದುಡಿದಿದ್ದ ಹೆಂಗಸೊಬ್ಬರು ತಮ್ಮ ಬೆರಳು ತೋರಿಸಿ ಹೇಳಿದರು. ಅಗಸೆ ಎಣ್ಣೆ, ಮೇಲೆ ಜೇನುಮೇಣ ಎಂದು ತೀರ್ಮಾನವಾಯಿತು. ಇದರ ಜೊತೆಗೆ ಒಂದು ಅಧಿಕಾರವನ್ನು ಎಲ್ಲರಿಗೂ ಕೊಟ್ಟೆವು: ಯಾರು ಬೇಕಾದರೂ ‘ನಿಲ್ಲಿ’ ಎನ್ನಬಹುದು. ಎಂದರೆ ಅರ ಕೆಳಗಿಡಬೇಕು, ಹೇಳಿದವರು ತೋರಿಸಿದ ಜಾಗವನ್ನು ಮೂವರು ನೋಡಬೇಕು.

ಮೂರನೆಯ ಬಿಲ್ಲು

ಮಾರ್ಚ್ 9ಕ್ಕೆ ಮೂರನೆಯ ವಾರದ ತೂಕ ಒಂದೇ ಬಂತು. ಅರ ಹಿಡಿದ ಹುಡುಗಿಯ ಕೆಲಸದ ರೀತಿ ಹೀಗಿತ್ತು: ಹೊಟ್ಟೆಯ ಮೇಲೆ ಬಿಗಿ ಇರುವ ಜಾಗಕ್ಕೆಲ್ಲ ಪೆನ್ಸಿಲಿನಿಂದ ಗೀಚುವುದು, ಗೀಚಿದ ಗುರುತು ಅಳಿಯುವವರೆಗೆ ಮಾತ್ರ ಉಜ್ಜುವುದು, ರಾಟೆಯಲ್ಲಿ ಮೂವತ್ತು ಸಲ ಅರ್ಧ ಎಳೆದು ಮರಕ್ಕೆ ಹೊಸ ರೂಪದ ಅಭ್ಯಾಸ ಮಾಡಿಸುವುದು, ಆಮೇಲೆ ಮತ್ತೆ ನೋಡುವುದು. ಮಡಚುವಂತೆ ಕಂಡ ಜಾಗವನ್ನು ಮುಟ್ಟುವುದಿಲ್ಲ, ಅದರ ಎರಡು ಬದಿಯನ್ನು ತಗ್ಗಿಸುತ್ತಾಳೆ. ಕೊನೆಯ ದಿನಗಳಲ್ಲಿ ಅರವನ್ನೂ ಬಿಟ್ಟು ಒಡೆದ ಗಾಜಿನ ಅಂಚಿನಿಂದ ಕೆರೆಯುತ್ತಿದ್ದಳು. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಸುರುಳಿಗಳು ಅವಳ ಮಡಿಲಲ್ಲಿ ತುಂಬುತ್ತಿದ್ದವು.

‘ನಿಲ್ಲಿ’ ಎಂಬ ಮಾತು ಆರು ಸಲ ಬಂತು. ಐದು ಸಲ ಏನೂ ಇರಲಿಲ್ಲ. ಆರನೆಯದನ್ನು ಹೇಳಿದವನು ಎಂಟನೆಯ ತರಗತಿಯ ಹುಡುಗ, ಮೇಲಿನ ತೋಳಿನ ಬೆನ್ನಿನಲ್ಲಿ ಕೂದಲೆಳೆಯಷ್ಟು ಎದ್ದ ಸಿಬಿರನ್ನು ಅವನು ಕಂಡಿದ್ದ. ಅಂಟು ಇಳಿಸಿ, ನೂಲು ಸುತ್ತಿ ಕಟ್ಟಿದೆವು. ಆ ಕಟ್ಟು ಇಂದಿಗೂ ಬಿಲ್ಲಿನ ಮೇಲಿದೆ. ಮುಚ್ಚಲು ಬಣ್ಣ ಹಚ್ಚಲಿಲ್ಲ.

28 ಇಂಚಿನ ಎಳೆತಕ್ಕೆ ತಕ್ಕಡಿ 17 ಕಿಲೋ ತೋರಿಸಿತು, ಅಂದರೆ 37 ಪೌಂಡು. ಕರಪತ್ರದ 50 ಅಲ್ಲ. ಇನ್ನೊಂದು ಸೀಳು ತೆಗೆದು 50ಕ್ಕೆ ಪ್ರಯತ್ನಿಸೋಣವೇ ಎಂದು ಕೇಳಿದಾಗ ಆಚಾರ್ಯರು ತಲೆಯಾಡಿಸಿದರು: “ಮರ ಕೊಟ್ಟದ್ದು ಇಷ್ಟು. ಇದನ್ನೇ ಬರೆದು ಇಡಿ.” ಬಿಲ್ಲಿನ ಪಕ್ಕದಲ್ಲಿ ಒಂದು ಕಾರ್ಡ್ ಇಟ್ಟೆವು, ಕನ್ನಡ, ಮಲಯಾಳ, ಇಂಗ್ಲಿಷಿನಲ್ಲಿ: ಬಿಗಿ 37 ಪೌಂಡು, ಹೆದೆ ಇಳಿಸಿದಾಗ ಒಂದೂವರೆ ಇಂಚು ಬಾಗಿರುತ್ತದೆ, ಮೇಲಿನ ತೋಳಿನಲ್ಲಿ ಒಂದು ಕಟ್ಟು ಇದೆ, ಇದಕ್ಕೆ ಮೊದಲು ಎರಡು ಬಿಲ್ಲು ಕೆಟ್ಟಿವೆ. ಕೆಟ್ಟ ಎರಡನ್ನೂ ಅದೇ ಮೇಜಿನ ಮೇಲೆ ಇಟ್ಟೆವು.

ಏಲಂ ದಿನ

ಅತಿಥಿಗಳಲ್ಲೊಬ್ಬರು ಬಿಲ್ಲನ್ನು ಎತ್ತಿ, ಫೋಟೊಕ್ಕಾಗಿ ಹೆದೆಯನ್ನು ಎದೆಯವರೆಗೆ ಎಳೆದರು. ಬಾಣ ಇರಲಿಲ್ಲ. ವೇದಿಕೆಯ ಬದಿಯಿಂದ ಹುಡುಗಿ ಮುಂದೆ ಬಂದು ಅವರ ಕೈಯ ಮೇಲೆ ಕೈ ಇಟ್ಟಳು. “ಸರ್, ಬಿಡಬೇಡಿ. ಮೆಲ್ಲನೆ ಇಳಿಸಿ. ಬಾಣಕ್ಕೆ ಹೋಗಬೇಕಾದ ಬಲ ಬಿಲ್ಲಿನ ಮೇಲೆಯೇ ತಿರುಗುತ್ತದೆ.” ಅವರು ಇಳಿಸಿದರು, ನಮಸ್ಕಾರವನ್ನೂ ಹೇಳಿದರು. ಎಂಟು ತಿಂಗಳ ಹಿಂದೆ ನಮ್ಮಲ್ಲಿ ಯಾರಿಗೂ ಹಾಗೆ ಮುಂದೆ ಹೋಗುವ ತಿಳಿವಳಿಕೆಯೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಏಲಂ 46,000ಕ್ಕೆ ನಿಂತಿತು. ಮಾರಾಟವಾಗದೆ ಉಳಿದಿದ್ದ ಇಂಚುಗಳು ಅದಕ್ಕೂ ಮುಂಚೆಯೇ ಮುಗಿದಿದ್ದವು, ಹಣ ಹಿಂದೆ ಪಡೆದ ನಾಲ್ವರಲ್ಲಿ ಇಬ್ಬರು ಮತ್ತೆ ಬಂದು ಕೊಟ್ಟಿದ್ದರು. ಒಟ್ಟು 1,18,000. ಸಾಧನ, ದಾರ, ಮಿಲ್ಲು ಎಂದು ಆದ 9,400 ರೂಪಾಯಿ ಖರ್ಚನ್ನು ಬಳಗದವರೇ ಹಂಚಿಕೊಂಡೆವು, ದಾನದ ಹಣದಿಂದ ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಒಂದು ಆಮ್ಲಜನಕ ಯಂತ್ರ, ಆರು ಗಾಳಿ ಹಾಸಿಗೆ, ಮೂರು ಗಾಲಿಕುರ್ಚಿ ಬಂದವು. ಉಳಿದದ್ದು ನರ್ಸ್ ಹೋಗುವ ವಾಹನದ ಡೀಸೆಲ್‌ಗೆ ಹೋಯಿತು. ಯಂತ್ರ ಮೊದಲ ತಿಂಗಳಲ್ಲೇ ಎರಡು ಮನೆಗಳನ್ನು ನೋಡಿತು.

ಬಿಲ್ಲು ಕೊಂಡವರು, ಮೊದಲ ಬಿಲ್ಲಿನ ಮುರಿದ ಬಾಯಿಯ ಮೇಲೆ ಬೆರಳಾಡಿಸಿದ ಆ ಕೃಷಿಕರು. ಅವರ ಮನೆಯ ಜಗಲಿಯಲ್ಲಿ ಎರಡು ಗೂಟಗಳ ಮೇಲೆ, ಹೆದೆ ಇಳಿಸಿ ಮಲಗಿಸಿದ್ದಾರೆ. ತಿಂಗಳಿಗೊಮ್ಮೆ ಹುಡುಗಿ ಹೋಗಿ ಮೇಣ ತಿಕ್ಕುತ್ತಾಳೆ.

ಇನ್ನೊಂದು ಬಿಲ್ಲಿಗೆ ಹೊರಟಿದ್ದೇವೆ. ಕರಪತ್ರದ ‘ಎಲ್ಲರ ಕೈಯಿಂದ’ ಎಂಬ ಸಾಲನ್ನು ಈ ಸಲ ಬದಲಾಯಿಸಿದ್ದೇವೆ, ಪೌಂಡಿನ ಸಾಲನ್ನು ತೆಗೆದೇಬಿಟ್ಟಿದ್ದೇವೆ. ದಿನ ಇನ್ನೂ ಅಚ್ಚಾಗಿಲ್ಲ. ಅಟ್ಟದ ಮೇಲೆ ನಾಲ್ಕನೆಯ ಸೀಳು ಇದೆ. ಮಳೆಗಾಲದಲ್ಲಿ ಹೀರಿಕೊಂಡ ತೇವವನ್ನು ಈಗ ಬಿಡುತ್ತಿದೆ. ಮೊನ್ನೆ ಇಳಿಸಿ ತೂಗಿದಾಗ 4 ಕಿಲೋ 120 ಗ್ರಾಂ ಇತ್ತು, ಹಿಂದಿನ ವಾರಕ್ಕಿಂತ 30 ಗ್ರಾಂ ಕಡಿಮೆ. ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ಆಚಾರ್ಯರ ಸಹಿ ಹಾಕಿಸಿಕೊಂಡು, ಮತ್ತೆ ಮೇಲಕ್ಕೆ ಇಟ್ಟೆವು.